ಹತ್ತಿಂಚಿನ ಕನ್ನಡಿ

ಇವತ್ತು ಬೆಳಿಗ್ಗೆ ನಮ್ಮ ಬೀದಿಗೆ ಟಾರು ಹಾಕಿದರು. ಅಕ್ಕಪಕ್ಕದವರೆಲ್ಲ ಮೂಗು ಮುಚ್ಚಿಕೊಂಡು ಒಳಗೆ ಹೋದರೆ, ನಾನೊಬ್ಬ ಗೇಟಿನ ಹತ್ತಿರ ಕುರ್ಚಿ ಎಳೆದುಕೊಂಡು ಕೂತೆ. ಮುದುಕನಿಗೆ ಅರಳುಮರಳು ಎಂದುಕೊಳ್ಳಬೇಡಿ. ಕಾದ ಟಾರಿನ ವಾಸನೆ ಬಂದರೆ ನನಗೆ ಖಾದರ್ ಸಾಹೇಬರು ನೆನಪಾಗುತ್ತಾರೆ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ತುಮಕೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಸಾಹೇಬರದು ಕನ್ನಡಕದ ಅಂಗಡಿ. ಟೆಲಿಸ್ಕೋಪಿನ ಗೀಳು ನನ್ನದು, ಕೆಲಸ ಬಲ್ಲ ಕೈ ಅವರದು. ಟೆಲಿಸ್ಕೋಪಿನೊಳಗಿನ ಕನ್ನಡಿ ಮಾಡಲು ಡ್ರಮ್ಮಿನ ಮೇಲೆ ಒಂದು ದಪ್ಪ ಗಾಜಿನ ಬಿಲ್ಲೆ, ಅದರ ಮೇಲೆ ಇನ್ನೊಂದು, ನಡುವೆ ನೀರು ಮತ್ತು ಸಾಣೆ ಪುಡಿ. ಗಾಜು ಗುಳಿ ಬೀಳುವವರೆಗೆ ಉಜ್ಜುತ್ತಾ ಡ್ರಮ್ಮಿನ ಸುತ್ತ ಸುತ್ತುತ್ತಿರಬೇಕು, ವಾರಗಟ್ಟಲೆ. ಕಡೆಗೆ ಟಾರಿನಂಥದೇ ಕಪ್ಪು ಅಂಟು ಕಾಯಿಸಿ, ಅಚ್ಚು ಮಾಡಿ, ಅದರ ಮೇಲೆ ತಿಕ್ಕಿ ಕನ್ನಡಿಗೆ ಹೊಳಪು ಕೊಡಬೇಕು. ಅಂಗಡಿಯ ಹಿತ್ತಲೆಲ್ಲ ಅದೇ ವಾಸನೆ.

ಮೊದಲು ನಾಲ್ಕಿಂಚಿನ ಕನ್ನಡಿ ಮಾಡಿದೆವು. ಚಂದ್ರನ ಗುಳಿಗಳು ಕಂಡವು. ಸಾಕಲ್ಲವೇ? ವಾರ ಕಳೆಯುವುದರೊಳಗೆ ಅದನ್ನು ಬಿಚ್ಚಿ ಆರಿಂಚಿನದಕ್ಕೆ ಕೈ ಹಾಕಿದೆ. ಕನ್ನಡಿ ದೊಡ್ಡದಾದಷ್ಟೂ ಬೆಳಕು ಹೆಚ್ಚು, ಆಕಾಶದ ಆಳ ಹೆಚ್ಚು ಎಂಬುದು ಶಾಸ್ತ್ರ. ನನ್ನನ್ನು ಹಿಡಿದದ್ದು ಶಾಸ್ತ್ರವಲ್ಲ, ಬರೀ ದುರಾಸೆ. “ಊರೋರೆಲ್ಲ ಶನಿ ಬಿಟ್ಟೋದ್ರೆ ಸಾಕು ಅಂತಾರೆ, ನೀವು ಕೊಳವೆ ಹಿಡ್ಕೊಂಡು ಹುಡುಕ್ತೀರಲ್ಲ!” ಎಂದು ನನ್ನ ಹೆಂಡತಿ ಹಂಗಿಸುತ್ತಿದ್ದಳು.

ಅಷ್ಟರಲ್ಲಿ ಸಾಹೇಬರ ಕಣ್ಣಿಗೇ ಕಾಯಿಲೆ ಬಂತು. ಕಣ್ಣೊಳಗೆ ಒತ್ತಡವಂತೆ. ಹೋದ ದೃಷ್ಟಿ ಮರಳಿ ಬರುವುದಿಲ್ಲ, ಉಳಿದದ್ದೂ ಮೆಲ್ಲಗೆ ಹೋಗುತ್ತದೆ ಎಂದರು ಡಾಕ್ಟರು. ಊರಿಗೆಲ್ಲ ಕನ್ನಡಕ ಹಾಕಿದ ಮನುಷ್ಯನಿಗೆ ಹೀಗಾಯಿತಲ್ಲ! ಅವರು ನನ್ನನ್ನು ಕೇಳಿದ್ದು ಒಂದೇ. “ಕಣ್ಣು ಪೂರ್ತಿ ಹೋಗೋದ್ರೊಳ್ಗೆ ಶನಿ ಉಂಗ್ರ ಒಂದ್ಸಲ ನೋಡ್ಬುಡ್ಬೇಕು ಮೇಷ್ಟ್ರೇ.”

ಆರಿಂಚಿನದು ಸಿದ್ಧವಾದ ಸಂಜೆ ಅಂಗಡಿಯ ತಾರಸಿಯ ಮೇಲೆ ಜಾತ್ರೆ. ಗುಬ್ಬಿಯಿಂದ ಅವರ ಅತ್ತೆ ಮನೆಯವರು, ಕುಣಿಗಲ್ಲಿಂದ ತಂಗಿಯ ಸಂಸಾರ. ಮೊದಲು ನೀವು ನೋಡಿ ಎಂದೆ. “ಛೇ ಛೇ, ಮನೆಗ್ ಬಂದೋರು ಮೊದ್ಲು ನೋಡ್ಲಿ. ನಂದೆಲ್ಲೋಯ್ತದೆ?” ಎಂದು ಎಲ್ಲರಿಗೂ ಸ್ಟೂಲು ಹಿಡಿದುಕೊಂಡು ನಿಂತರು. ಅತಿಥಿಗಳೆಲ್ಲ ಉಂಗುರ ನೋಡಿ, ಚಹಾ ಕುಡಿದು ಇಳಿದ ಮೇಲೆ ಅವರು ಸ್ಟೂಲು ಹತ್ತುವುದಕ್ಕೂ ಮೋಡ ಮುಚ್ಚುವುದಕ್ಕೂ ಸರಿಹೋಯಿತು.

ಮೋಡ ಎರಡು ವಾರ ಬಿಡಲಿಲ್ಲ. ಆ ಹೊತ್ತಿಗೆ ನನಗೆ ಬೆಂಗಳೂರಿನ ಗುಜರಿಯಲ್ಲಿ ಹತ್ತಿಂಚಿನ ಗಾಜು ಸಿಕ್ಕಿಬಿಟ್ಟಿತ್ತು. ಆರಿಂಚಿನದರ ಸ್ಟ್ಯಾಂಡು ಬಿಚ್ಚಿ, ದೊಡ್ಡದಕ್ಕೆ ಹೊಂದಿಸಿಕೊಡಲು ಲೇತ್ ಯಂತ್ರದವನಿಗೆ ಕೊಡಲು ಹೊರಟೆ.

“ಇದ್ರಲ್ಲೇ ಒಂದ್ಸಲ ತೋರ್ಸಿ ಮೇಷ್ಟ್ರೇ, ಆಮೇಲ್ ಬಿಚ್ಚೋರಂತೆ.”

“ಇದೇನ್ ಮಹಾ ಸಾಹೇಬ್ರೇ! ಹತ್ತಿಂಚಿಂದ್ರಲ್ಲಿ ನೋಡಿ, ಉಂಗುರದ ಮಧ್ಯದ ಸಂದೂ ಕಾಣುತ್ತೆ.”

ಆ ಕನ್ನಡಿಗೆ ಎರಡು ವರ್ಷ ಹಿಡಿಯಿತು. ಕಣ್ಣು ಮಂಜಾದರೂ ಬೆರಳಲ್ಲೇ ತಡವಿ ನೋಡಿ ಅವರೇ ಗಾಜು ಉಜ್ಜಿದರು. ನಾನು ಪಕ್ಕದಲ್ಲಿ ನಿಂತು ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎನ್ನುತ್ತಿದ್ದೆ. ನನ್ನ ಬಾಯಿಗೆ ಬೀಗ ಹಾಕುವವರು ಯಾರೂ ಇರಲಿಲ್ಲ.

ಮುಗಿದ ದಿನ ಯಾರನ್ನೂ ಕರೆಯಲಿಲ್ಲ. ದೀಪ ಹಚ್ಚುವ ಹೊತ್ತಿಗೆ ತಾರಸಿಯ ಮೇಲೆ ಶನಿಯನ್ನು ಕೊಳವೆಯ ನಡುಮಧ್ಯಕ್ಕೆ ತಂದು ನಿಲ್ಲಿಸಿ, ಇಳಿದು ಬಂದು ಸಾಹೇಬರ ಕೈ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿಸಿದೆ. ಅವರು ಬಗ್ಗಿ ಕಣ್ಣಿಟ್ಟು ಬಹಳ ಹೊತ್ತು ನೋಡಿದರು.

“ಆಹಾ! ಏನ್ ಚಂದ ಐತೆ ಮೇಷ್ಟ್ರೇ! ಉಂಗ್ರ, ಸಂದು, ಎಲ್ಲಾ ಕಾಣ್ತದೆ!”

ನನಗೆ ಖುಷಿಯೋ ಖುಷಿ. ಅವರನ್ನು ಕೂರಿಸಿ ನಾನೂ ಕಣ್ಣಿಟ್ಟೆ. ಒಳಗೆ ಬರೀ ಕತ್ತಲೆ. ಭೂಮಿ ತಿರುಗುತ್ತದೆ ಎಂದು ದಿನಾ ಪಾಠ ಹೇಳುವ ನಾನು, ಕೊಳವೆಯನ್ನು ಆಗಾಗ ಸರಿಸದಿದ್ದರೆ ಗ್ರಹ ಜಾರಿಹೋಗುತ್ತದೆ ಎಂಬುದನ್ನೇ ಮರೆತಿದ್ದೆ. ಸಾಹೇಬರು ಬಗ್ಗುವ ಮೊದಲೇ ಶನಿ ಅಲ್ಲಿರಲಿಲ್ಲ. ನಾನು ಬಾಯಿ ಬಿಡಲಿಲ್ಲ, ಅವರೂ ಬಿಡಲಿಲ್ಲ. ಕೆಲವು ವರ್ಷಗಳಲ್ಲಿ ಅವರು ತೀರಿಕೊಂಡರು.

ಟಾರಿನವರು ಮುಂದಿನ ಬೀದಿಗೆ ಹೋದ ಮೇಲೆ, ಇಷ್ಟು ವರ್ಷ ಬಾರದ ಧೈರ್ಯ ಎಲ್ಲಿಂದ ಬಂತೋ, ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋದೆ. ಈಗ ಅವರ ಮಗಳು ನೂರ್ ಅದನ್ನು ನಡೆಸುತ್ತಾಳೆ. ನಿಮ್ಮ ತಂದೆ ಶನಿಯನ್ನು ನೋಡಲೇ ಇಲ್ಲಮ್ಮ, ತಪ್ಪು ನನ್ನದು ಎಂದು ಎಲ್ಲವನ್ನೂ ಹೇಳಿಬಿಟ್ಟೆ. ಅವಳು ಯಾರದೋ ಕನ್ನಡಕ ಒರೆಸುತ್ತಲೇ ಕೇಳಿಸಿಕೊಂಡಳು.

“ಗೊತ್ತು ಸಾರ್. ಅಬ್ಬಾ ಅವತ್ತೇ ಮನೇಲಿ ಹೇಳಿದ್ರು. ಏನೂ ಕಾಣ್ಲಿಲ್ಲ ಕಣಮ್ಮ, ಮೇಷ್ಟ್ರಿಗ್ ಮಾತ್ರ ಹೇಳ್ಬ್ಯಾಡ, ನಾಳೇನೇ ಹದಿನೈದಿಂಚಿನ ಗಾಜು ತಂದ್ಬುಡ್ತಾರೆ ಅಂದ್ರು.”