ಸುಣ್ಣದ ನೀರಿಗೆ ಮೊದಲು ಕೇಳುವ ಮಾತು

ಮೊನ್ನೆ ನನ್ನ ತಂಗಿಯ ಮಗ ಬಂದು ತನ್ನ ಸಿಟಿ ಸ್ಕ್ಯಾನ್ ಫಿಲ್ಮುಗಳನ್ನು ಮದುವೆಯ ಆಲ್ಬಮ್ಮಿನ ಹಾಗೆ ಹರಡಿ ತೋರಿಸಿದ. ಬರೀ ತಲೆನೋವು. ಡಾಕ್ಟರು ಬೇಡವೆಂದರೂ ಹಟ ಹಿಡಿದು ಮಾಡಿಸಿಕೊಂಡಿದ್ದನಂತೆ. ಚಹಾ ಕೊಡುವ ಮೊದಲು ಅವನಿಗೆ ಚೆನ್ನಾಗಿ ಬೈದೆ. ಬೇಕಾದಾಗ ಆ ಯಂತ್ರ ಜೀವ ಉಳಿಸುತ್ತದೆ, ಅದನ್ನು ಕಣ್ಣಾರೆ ಕಂಡವಳು ನಾನು. ಬೇಡದಾಗ ಯಾಕೆ ಮೈಗೆ ಕಿರಣ ಹೊಡೆಸಿಕೊಳ್ಳಬೇಕು? ಅದು ಸುಡುವುದಿಲ್ಲ, ನೋಯುವುದಿಲ್ಲ, ಅದೇ ಅದರ ಮೋಸ. ಎಷ್ಟೋ ವರ್ಷಗಳ ಮೇಲೆ ಕ್ಯಾನ್ಸರ್ ಬರುವ ಸಂಭವ ಒಂದಿಷ್ಟು ಹೆಚ್ಚಾಗಿರುತ್ತದೆ. ದೊಡ್ಡವರಿಗಿಂತ ಮಕ್ಕಳಿಗೆ ಅಪಾಯ ಹೆಚ್ಚು, ಬಸಿರಿನಲ್ಲಿರುವ ಕೂಸಿಗಂತೂ ಕೇಳುವುದೇ ಬೇಡ. ಇದನ್ನು ನಾನು ಸಿಟಿ ಸ್ಕ್ಯಾನಿನ ಹೆಸರೂ ಕೇಳದ ಕಾಲದಲ್ಲಿ, ಎಪ್ಪತ್ತರ ದಶಕದಲ್ಲಿ, ರಾಯಚೂರಿನ ಆಸ್ಪತ್ರೆಯೊಂದರ ಎಕ್ಸ್‌ರೇ ಕೋಣೆಯಲ್ಲಿ ಕಲಿತೆ.

ನಮ್ಮದು ಮಾನ್ವಿಯ ಬಳೆಗಾರರ ಮನೆ. ಒಳಗೆ ದಖನಿ ಉರ್ದು, ಹೊಸ್ತಿಲು ದಾಟಿದರೆ ಕನ್ನಡ. ಅಮ್ಮಿ ಸಂತೆಯಲ್ಲಿ ಹೆಂಗಸರ ಕೈಗೆ ಬಳೆ ತೊಡಿಸುತ್ತಿದ್ದಳು. ಅಂಗೈ ಹಿಚುಕುತ್ತ ಬಳೆ ಏರಿಸುವಾಗ, ಗಂಡನಿಗೂ ಹೇಳದ ಸಂಗತಿಗಳನ್ನು ಹೆಂಗಸರು ಅವಳಿಗೆ ಹೇಳಿಬಿಡುತ್ತಿದ್ದರು. ಅವಳ ಮಗಳಾದ ನಾನು ತರಬೇತಿ ಪಡೆದು ಎಕ್ಸ್‌ರೇ ಕೆಲಸಕ್ಕೆ ಸೇರಿದೆ. ಆ ಕೋಣೆಯಲ್ಲಿ ದುಡಿದ ಮೊದಲ ಹೆಣ್ಣು ನಾನೇ. ಬುರ್ಖಾವನ್ನು ಮೊಳೆಗೆ ತೂಗುಹಾಕಿ ಸೀಸದ ಏಪ್ರನ್ ಹಾಕಿಕೊಂಡು ನಿಂತರೆ, ಊರ ಗೌಡನಾದರೂ ನನ್ನ ಮಾತು ಕೇಳಿ ಉಸಿರು ಬಿಗಿಹಿಡಿಯಬೇಕಿತ್ತು. ಆ ಗತ್ತು ನನಗೆ ಬಹಳ ಹಿಡಿಸಿತ್ತು.

ನಮ್ಮ ಲೇಡಿ ಡಾಕ್ಟರು ಒಂದು ಮಾತು ಕಟ್ಟುನಿಟ್ಟಾಗಿ ಹೇಳಿದ್ದರು. ಹೆಂಗಸರ ಹೊಟ್ಟೆಗೆ ಕಿರಣ ಬಿಡುವ ಮುಂಚೆ ಮುಟ್ಟಿನ ವಿಚಾರ ಕೇಳಲೇಬೇಕು. ಹೇಳುವುದು ಸುಲಭ. ಗಂಡ, ಅತ್ತೆ, ಮೈದುನ ಎಲ್ಲ ಸುತ್ತ ನಿಂತಿರುವಾಗ ಯಾವ ಹೆಣ್ಣು ಬಾಯಿ ಬಿಡುತ್ತಾಳೆ? ಮನೆಗೊಂದು ಮಾತು ನಾನೇ ಕಂಡುಕೊಂಡೆ. ನಮ್ಮ ಪೈಕಿಯವರಾದರೆ "ನಮಾಜ್ ಬಿಟ್ಟಿದ್ದು ಯಾವಾಗ?" ಎಂದು ಕೇಳುವುದು. ಉಳಿದವರಿಗೆ "ಹೊರಗ ಕುಂತಿದ್ದು ಯಾವಾಗ?"

ಒಂದು ದಿನ ಮಸರಕಲ್ ಕಡೆಯಿಂದ ಒಬ್ಬ ಸೊಸೆಯನ್ನು ಕರೆತಂದರು. ಜೊತೆಗೆ ಅತ್ತೆ ಮತ್ತು ಗಂಡ. ಎರಡು ತಿಂಗಳಿಂದ ವಾಂತಿ, ಹೊಟ್ಟೆನೋವು. ದೇವದುರ್ಗದ ಡಾಕ್ಟರು ಬೇರಿಯಂ ಪರೀಕ್ಷೆಗೆ ಬರೆದುಕೊಟ್ಟಿದ್ದರು. ಬೇರಿಯಂ ಎಂದರೆ ಬೆಳ್ಳಗಿನ ಗಟ್ಟಿ ದ್ರವ, ಜನ ಅದನ್ನು ಸುಣ್ಣದ ನೀರು ಅನ್ನುತ್ತಿದ್ದರು. ಅದನ್ನು ಕುಡಿಸಿ, ಕತ್ತಲೆ ಕೋಣೆಯಲ್ಲಿ ಹೊಟ್ಟೆಯ ಮೇಲೆ ಬಹಳ ಹೊತ್ತು ಕಿರಣ ಬಿಟ್ಟು ಪರದೆಯ ಮೇಲೆ ನೋಡುವುದು.

"ಯಾರೋ ಮದ್ದು ಹಾಕ್ಯಾರವ್ವ ನನ್ನ ಸೊಸಿಗೆ," ಎಂದಳು ಅತ್ತೆ. "ಉಂಡದ್ದೆಲ್ಲ ಕಾರಾಕತ್ತಾಳ. ಆ ಮದ್ದು ಹೊಟ್ಟ್ಯಾಗ ಎಲ್ಲಿ ಅಂಟ್ಕೊಂಡದ ನೋಡಿ ಹೇಳು."

ನನ್ನ ಪ್ರಶ್ನೆ ಕೇಳಿದೆ. ಸೊಸೆ ಬಾಯಿ ತೆರೆಯುವ ಮೊದಲೇ ಅತ್ತೆ, "ಮೊನ್ನಿ ಅಮಾಸಿಗೆ ಕುಂತಿದ್ಳು. ನಾನೇ ನೀರು ಹಾಕೀನಿ," ಎಂದಳು. ಸೊಸೆ ನೆಲ ನೋಡುತ್ತ ತಲೆಯಾಡಿಸಿದಳು. ದೇವದುರ್ಗದಲ್ಲೂ ಇದೇ ಉತ್ತರ ಕೊಟ್ಟು ಬಂದಿದ್ದರು, ಪಾಪ ಆ ಡಾಕ್ಟರಾದರೂ ಏನು ಮಾಡಬೇಕು?

ಬೇರಿಯಂ ಕಲಸಿ ಇಟ್ಟಾಗಿತ್ತು. ಮುಂದುವರಿಯಬಹುದಿತ್ತು. ಆದರೆ ಅತ್ತೆ ಕೊಟ್ಟ ಉತ್ತರ ಅತ್ತೆಯದು, ನನಗೆ ಬೇಕಾಗಿದ್ದದ್ದು ಸೊಸೆಯದು.

"ನೀವು ಹೊರಗ ನಿಂದರ್ರಿ," ಎಂದೆ.

"ನನ್ನ ಸೊಸಿ. ನಾ ಯಾಕ ಹೊರಗ ಹೋಗ್ಲಿ?"

"ನಿಮ್ಮ ಸೊಸಿ ಖರೇ, ಕೋಣಿ ನಂದದರೀ."

ಗೊಣಗುತ್ತ ಹೋದಳು. ನಾನು ಬಾಗಿಲು ಹಾಕಿ, ಸೊಸೆಯ ಕೈ ಹಿಡಿದು ಕೂತೆ. ಅಮ್ಮಿಯ ಹಾಗೆ ಅಂಗೈ ಹಿಚುಕುತ್ತ, ಬಳೆಗಳನ್ನು ಮೇಲೆ ಕೆಳಗೆ ಸರಿಸುತ್ತ ಮತ್ತೆ ಕೇಳಿದೆ. ಅವಳ ಕಣ್ಣೀರು ಸುರಿಯಿತು.

"ಬತ್ತಿಹೋಗೇದ ಅಕ್ಕಾ. ತಿಂಗಳು ಮ್ಯಾಲ ತಿಂಗಳಾತು, ಇಲ್ಲ. ಮದುವಿಯಾಗಿ ಇಷ್ಟು ವರ್ಷಾದ್ರೂ ಒಂದು ಕೂಸು ಕೊಡಲಿಲ್ಲ. ಇದೂ ನಿಂತದ ಅಂತ ಗೊತ್ತಾದ್ರ ಇನ್ನೊಬ್ಬಾಕಿನ್ನ ತರ್ತಾರ. ಅದಕ್ಕ ಸುಳ್ಳೇ ಹೊರಗ ಕುಂದ್ರತೀನಿ."

ಮುಟ್ಟು ನಿಂತಿದೆ, ವಾಂತಿಯಾಗುತ್ತಿದೆ, ಆದರೂ ಬಸಿರೆಂಬ ಮಾತು ಅವಳ ತಲೆಗೇ ಬಂದಿಲ್ಲ. ತಾನು ಬಂಜೆ ಎಂದು ಊರು ಹೇಳಿದ್ದನ್ನು ಅವಳು ಅಷ್ಟು ನಂಬಿಬಿಟ್ಟಿದ್ದಳು. ಆ ಊರಿನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬೇರಿಯಮ್ಮನ್ನು ಮೋರಿಗೆ ಚೆಲ್ಲಿ, ಅವಳನ್ನು ಕರೆದುಕೊಂಡು ಲೇಡಿ ಡಾಕ್ಟರ ಕೋಣೆಗೆ ನಡೆದೆ.

ಅವರು ಹೊಟ್ಟೆ ಮುಟ್ಟಿ ನೋಡಿ, ನನ್ನ ಕಡೆ ತಿರುಗಿ, "ನಾಲ್ಕು ತಿಂಗಳು ಆಗ್ತಾ ಬಂದಿದೆ. ಕಿರಣ ಬಿಡಲಿಲ್ಲ ತಾನೇ?" ಎಂದರು.

"ಇಲ್ಲರೀ," ಎಂದೆ. ಆ ಮೂರು ಅಕ್ಷರ ಹೇಳುವಾಗಿನ ಹೆಮ್ಮೆ ನನಗೆ ಮುಂದೆ ಬಡ್ತಿ ಸಿಕ್ಕಾಗಲೂ ಬರಲಿಲ್ಲ.

ಸೊಸೆ ಮಾತ್ರ ಹಿಗ್ಗಲಿಲ್ಲ. ನನ್ನ ತೋಳು ಹಿಡಿದು, "ಹೇಳಬ್ಯಾಡ್ರಿ ಅಕ್ಕಾ. ಅಮಾಸಿಗೆ ಹೊರಗ ಕುಂತಾಕಿ ಹೆಂಗ ಬಸರಾದಿ ಅಂತ ಕೇಳ್ತಾರ. ನಾ ಏನು ಹೇಳ್ಲಿ?" ಎಂದಳು. ಅವಳ ಭಯ ಸುಳ್ಳಲ್ಲ. ಇಂಥ ಒಂದು ಲೆಕ್ಕ ತಪ್ಪಿದರೆ ಸಾಕು, ಊರು ಹೆಣ್ಣಿನ ಶೀಲದ ಮೇಲೇ ಕೈ ಇಡುತ್ತದೆ. ಆದರೆ ಮುಚ್ಚಿಡುವಂಥ ಸಂಗತಿಯೇ ಅದು? ಜಗಳಕ್ಕೆ ಸೊಂಟ ಕಟ್ಟಿಕೊಂಡೇ ಅತ್ತೆಯನ್ನು ಒಳಗೆ ಕರೆದೆ, ಇದ್ದದ್ದು ಇದ್ದ ಹಾಗೆ ಹೇಳಿದೆ.

ಮುದುಕಿ ಅಲ್ಲೇ ನೆಲದ ಮೇಲೆ ಕೂತಳು.

"ಸುಳ್ಳೇ ಕುಂದ್ರಾಕತ್ತಾಳ ಅಂತ ನನಗ ಗೊತ್ತಿತ್ತವ್ವ," ಎಂದಳು. "ಒಗೆಯೋ ಬಟ್ಟಿ ನೋಡಿದ್ರ ತಿಳೀದಿಲ್ಲೇನು? ಬತ್ತೇದ ಅಂತ ನಾನೂ ತಿಳಕೊಂಡೆ. ಮಗನ ಕಿವಿಗೆ ಬಿದ್ರ ಮಂದಿ ಅವನ ತಲಿ ಕೆಡಸ್ತಾರ. ಇಂಥಾ ಸೊಸಿ ನನಗ ಮತ್ತ ಸಿಗ್ತಾಳೇನು? ಅದಕ್ಕ ಆಕಿ ಕುಂತಾಗೆಲ್ಲ ದೂರ ನಿಂತು ನೀರು ಹಾಕಿ, ಓಣಿಗೆಲ್ಲ ಕೇಳೋಹಂಗ ಒದರೀನಿ. ಇಲ್ಲೂ ಅದನ್ನ ಹೇಳಿದೆ."

ಒಬ್ಬಳನ್ನು ಉಳಿಸಲು ಇಬ್ಬರೂ ಒಂದೇ ಸುಳ್ಳು ಹೇಳುತ್ತಿದ್ದರು, ಒಬ್ಬರಿಗೊಬ್ಬರು ಹೇಳಿಕೊಳ್ಳದೆ. ಆ ಸುಳ್ಳಿನಿಂದಲೇ ಕೂಸು ಕಿರಣದ ಬಾಯಿಗೆ ಬೀಳುವುದರಲ್ಲಿತ್ತು.

ಸೊಸೆ ಅತ್ತೆಯ ತೊಡೆಯ ಮೇಲೆ ಬಿದ್ದು ಅತ್ತಳು. ಅತ್ತೆ ಅವಳ ಬೆನ್ನಿಗೊಂದು ಗುದ್ದಿ, "ಏಳಬೇ ಹುಚ್ಚಿ, ಈಗ ಅಳಬಾರ್ದು," ಎಂದು ಎಬ್ಬಿಸಿ, ಸೆರಗಿನಿಂದ ಮುಖ ಒರೆಸಿ, ಕೈ ಹಿಡಿದು ಹೊರಗೆ ನಡೆಸಿದಳು. ವರಾಂಡದಲ್ಲಿ ಬೀಡಿ ಸೇದುತ್ತ ಕೂತಿದ್ದ ಮಗ ಗಡಬಡಿಸಿ ಎದ್ದ.

"ಫೋಟೋ ಬಂತೇನಬೇ ಯವ್ವಾ? ಏನು ಕಾಣ್ತು?"

"ಫೋಟೋ ಬ್ಯಾಡಂದ್ರು," ಎಂದಳು ಮುದುಕಿ, ಇಡೀ ಆಸ್ಪತ್ರೆಗೆ ಕೇಳುವ ಹಾಗೆ. "ಇನ್ನೈದು ತಿಂಗಳಿಗೆ ಖುದ್ದ ಬರ್ತದ. ಎತ್ಕೊಂಡು ನೋಡು."

ಖುದ್ದಾಗಿ ಬಂದದ್ದು ಹೆಣ್ಣು. ಅತ್ತೆಯೇ ಎತ್ತಿಕೊಂಡು ಬಂದು ತೋರಿಸಿದಳು. ದುಂಡುದುಂಡಗಿನ ಕೂಸು, ನನ್ನ ಮಡಿಲಲ್ಲಿ ಉಚ್ಚೆ ಹೊಯ್ದಿತು. ನಮ್ಮ ಯಂತ್ರದ ಒಂದು ಕಿರಣವೂ ಅದರ ಮೇಲೆ ಬಿದ್ದಿರಲಿಲ್ಲ. ನಾನು ಬಿಡಲಿಲ್ಲ.