ಹರಕೆಗೆ ಸಿಕ್ಕಿದ ಕೊನೆಯ ಭಾಗ

ಉದ್ಯಾವರದಲ್ಲಿ ಮದುಮಗಳ ಗೌನ್ ಹೊಲಿಸಬೇಕೆಂದರೆ ಬರ್ತಾರನ್ನೇ ಕೇಳಬೇಕು. ಅರವತ್ತು ದಾಟಿದ ಈಕೆಗೆ ಹೊಲಿಗೆ ಬಿಟ್ಟರೆ ಇದ್ದ ಹುಚ್ಚು ಒಂದೇ: ರೆಕ್ಕೆಯ ಸರ್ಪಗಳೂ ಮಂತ್ರದ ಕತ್ತಿಗಳೂ ತುಂಬಿದ ‘ಮಂಜಿನ ಕಿರೀಟ’ ಎಂಬ ಸಿನೆಮಾ ಸರಣಿ. ಹತ್ತು ವರ್ಷಗಳಲ್ಲಿ ಬಂದ ಐದೂ ಭಾಗಗಳನ್ನು ಪಕ್ಕದ ಮನೆಯ ಹಲೀಮಾರ ಜೊತೆ ಮಣಿಪಾಲಕ್ಕೆ ಹೋಗಿ ನೋಡಿದ್ದರು. ಒಬ್ಬರನ್ನು ಬಿಟ್ಟು ಇನ್ನೊಬ್ಬರು ಹೋದದ್ದೇ ಇಲ್ಲ.

ಕೊನೆಯ ಭಾಗ ಮೇ ತಿಂಗಳಲ್ಲಿ ಎಂದು ಸುದ್ದಿಯಿತ್ತು. ಅಷ್ಟರಲ್ಲಿ ಹಲೀಮಾರ ಕಣ್ಣಿಗೆ ಪೊರೆ ಬಂದು ಆಪರೇಷನ್ ನಿಗದಿಯಾಯಿತು. ಬರ್ತಾ ಯಾರಿಗೂ ಹೇಳದೆ ಕಾರ್ಕಳದ ಅತ್ತೂರು ಚರ್ಚಿಗೆ ಹೋಗಿ ಸಂತ ಲಾರೆನ್ಸರಿಗೆ ಹರಕೆ ಹೊತ್ತರು. ಗೆಳತಿಯ ಕಣ್ಣು ಸರಿಯಾದರೆ ಈಸ್ಟರ್ ಹಬ್ಬದ ತನಕದ ನಲವತ್ತು ದಿನಗಳ ತಪಸ್ಸು ಕಾಲದಲ್ಲಿ ತಾನು ಒಂದು ಸಿನೆಮಾವನ್ನೂ ನೋಡುವುದಿಲ್ಲ. ಹೇಗೂ ಸಿನೆಮಾ ಮೇಯಲ್ಲಿ ತಾನೆ, ಹರಕೆ ಅಗ್ಗದಲ್ಲಿ ತೀರಿತು ಎಂಬ ಕಳ್ಳ ಯೋಚನೆಯೂ ಒಳಗಿತ್ತು. ಸಂತರು ಅಷ್ಟು ಸುಲಭದವರಲ್ಲ. ಕಣ್ಣು ಸರಿಯಾಯಿತು, ಸಿನೆಮಾ ಮಾರ್ಚಿಗೇ ಬಂತು.

ರಂಜಾನ್ ಮುಗಿಯುವ ತನಕ ಹಲೀಮಾ ಸಿನೆಮಾದ ಮಾತೆತ್ತಲಿಲ್ಲ. ಹಬ್ಬದ ಮರುದಿನ ಸಿಹಿ ಹಿಡಿದುಕೊಂಡು ಬಂದು, ಗುರುವಾರದ ನಂತರ ಥಿಯೇಟರಿನಿಂದ ತೆಗೆಯುತ್ತಾರಂತೆ, ನಾಳೆಯೇ ಹೋಗುವ ಎಂದರು. ಬರ್ತಾ ಹೊಲಿಗೆಯ ನೆಪ ಹೇಳಿದರು. ತಲೆನೋವು ಎಂದರು. ಮೂರನೆಯ ನೆಪಕ್ಕೆ ಹಲೀಮಾರ ಮುಖ ಬಾಡಿದ್ದನ್ನು ಕಂಡು ನಿಜ ಹೇಳಲೇಬೇಕಾಯಿತು. ಹಾಗಾದರೆ ತಾನೂ ಹೋಗುವುದಿಲ್ಲ ಎಂದು ಹಲೀಮಾ ಹಟ ಹಿಡಿದರು. ಬರ್ತಾರಿಗೆ ರೇಗಿತು.

“ನಿಮ್ಮ ಕಣ್ಣು ಕಾಣಲಿ ಅಂತಲೇ ಹರಕೆ ಹೊತ್ತದ್ದು. ನೀವೂ ನೋಡದಿದ್ದರೆ ನನ್ನ ಹರಕೆಗೆ ಎಂತ ಅರ್ಥ ಉಂಟು?”

ಗುರುವಾರ ಹಲೀಮಾರನ್ನು ಬಲವಂತದಿಂದ ಬಸ್ಸು ಹತ್ತಿಸಿ ಬಂದರು. ಆಮೇಲೆ ಕೈಗೆ ಕೆಲಸ ಹತ್ತಲಿಲ್ಲ. ಹತ್ತು ವರ್ಷ ಕಾದ ಕಥೆಯ ಕೊನೆಯನ್ನು ಹಲೀಮಾ ಒಬ್ಬರೇ ನೋಡುತ್ತಿದ್ದಾರೆಂದು ಹೊಟ್ಟೆಕಿಚ್ಚಾಯಿತು, ಹೊಟ್ಟೆಕಿಚ್ಚಾಯಿತಲ್ಲ ಎಂದು ನಾಚಿಕೆಯೂ ಆಯಿತು. ಗೌನಿನ ತೋಳನ್ನು ತಿರುವುಮುರುವಾಗಿ ಹೊಲಿದು, ಬಿಚ್ಚಲು ಕುಳಿತರು.

ಸಿನೆಮಾ ಮುಗಿಯಬೇಕಾದ ಹೊತ್ತಿಗೆ ಹಲೀಮಾ ಆಗಲೇ ಬಾಗಿಲಲ್ಲಿ ನಿಂತಿದ್ದರು. ಕಣ್ಣಿಗೆ ಏನಾದರೂ ಆಯಿತೇ ಎಂದು ಬರ್ತಾ ಗಾಬರಿಯಿಂದ ಎದ್ದರು.

“ಕಣ್ಣು ಚೆನ್ನಾಗಿ ಕಾಣ್ತದೆ ಬಾಯಮ್ಮ. ನಿಮ್ಮ ಹರಕೆ ಹಾಳಾಗಬಾರದೆಂದು ಇಂಟರ್‌ವಲ್ ತನಕ ನೋಡಿದೆ. ಉಳಿದದ್ದನ್ನು ನಿಮ್ಮ ಹಬ್ಬ ಕಳೆದ ಮೇಲೆ ಒಟ್ಟಿಗೆ ನೋಡುವ, ಟಿವಿಯಲ್ಲಾದರೂ ಸರಿ.”

ಇಷ್ಟು ಕಾದು ಅರ್ಧಕ್ಕೆ ಎದ್ದು ಬರುವುದಾ ಎಂದು ಬರ್ತಾ ಬೈಯಲು ಹೊರಟವರು, ಗೆಳತಿಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತೇಬಿಟ್ಟರು.