ಖಾಲಾ ಹೊತ್ತುಕೊಂಡ ಗೀರು

ನಿನ್ನೆ ಸಂಜೆ ಬೆಳ್ಳಿಯ ದೀಪಗಳನ್ನು ವಿಭೂತಿ ಹಾಕಿ ಉಜ್ಜುತ್ತಿದ್ದೆ. ನಮ್ಮ ಮನೆಯಲ್ಲಿ ಬೆಳ್ಳಿಗೆಂದು ಬೇರೆ ಪುಡಿ ತಂದವರಿಲ್ಲ. ವಿಭೂತಿ ಗಟ್ಟಿಯನ್ನು ಪುಡಿ ಮಾಡಿ ಹಳೇ ಪಂಚೆಯ ತುಂಡಿನಲ್ಲಿ ತಿಕ್ಕಿದರೆ ಹೊಳಪು ತಾನಾಗಿ ಬರುತ್ತದೆ. ಬೆರಳ ಸಂದಿಯಲ್ಲಿ ಕೂತ ಆ ಬಿಳಿ ಪುಡಿಯ ಒಣ ವಾಸನೆ ಮೂಗಿಗೆ ಬಂದದ್ದೇ ತಡ, ಪಕ್ಕದ ಮನೆಯ ಖಾಲಾ ನೆನಪಾದರು. ಅವರಿಗೂ ವಿಭೂತಿಗೂ ಎಲ್ಲಿಯ ನಂಟು ಎಂದು ಯಾರಾದರೂ ಕೇಳಬಹುದು...

ಖಾಲಾ ಎಂದರೆ ಅವರ ಮನೆಮಾತಿನಲ್ಲಿ ಚಿಕ್ಕಮ್ಮ. ನಾನು ಮದುವೆಯಾಗಿ ಚಿತ್ರದುರ್ಗಕ್ಕೆ ಬಂದಾಗಿನಿಂದ ಅವರನ್ನು ಹಾಗೇ ಕರೆದೆ; ನಮ್ಮತ್ತೆಗೆ ಮಾತ್ರ ಅವರು ಬೂಬಮ್ಮ. ಎರಡೂ ಮನೆಗೆ ಹಿತ್ತಲಲ್ಲಿ ಒಂದೇ ಗೋಡೆ. ಈ ಕಡೆಯಿಂದ ಕರಿಬೇವು ಹೋದರೆ ಆ ಕಡೆಯಿಂದ ನಿಂಬೆಹಣ್ಣು ಬರುತ್ತಿತ್ತು. ಅವರ ಯಜಮಾನರು ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರು. ಅವರು ತೀರಿಕೊಂಡ ಮೇಲೂ ನಮ್ಮ ಬೀದಿಯ ಹೆಂಗಸರು ಮಸಿ ಹಿಡಿದ, ಗೀರು ಬಿದ್ದ ಪಾತ್ರೆ ಎತ್ತಿಕೊಂಡು ಖಾಲಾ ಹತ್ತಿರವೇ ಹೋಗುತ್ತಿದ್ದರು.

ಶಾಲೆಗಳೆಲ್ಲ ಮುಚ್ಚಿ, ಪಾಠ ಫೋನಿನಲ್ಲೇ ನಡೆಯುತ್ತಿದ್ದ ಕಾಲ ಅದು. ನಮ್ಮಲ್ಲಿದ್ದದ್ದು ಒಂದೇ ಫೋನು, ಅದು ಯಜಮಾನರ ಜೊತೆ ಕೆಲಸಕ್ಕೆ ಹೋಗುತ್ತಿತ್ತು. ಮಗಳು ಪಾಠವಿಲ್ಲದೆ ಕೂತಿದ್ದಾಳೆಂದು ಯಾರಿಂದಲೋ ಕೇಳಿ, ಹಿರಿಯೂರಿನಲ್ಲಿದ್ದ ನನ್ನ ಓರಗಿತ್ತಿ, ಅಂದರೆ ಮೈದುನನ ಹೆಂಡತಿ, ತನ್ನ ಲ್ಯಾಪ್‌ಟಾಪ್ ಕಳಿಸಿಕೊಟ್ಟಳು. ನಾನು ಕೇಳಿರಲಿಲ್ಲ. ಕೇಳುವ ಹಾಗೂ ಇರಲಿಲ್ಲ. ಅವಳ ಮನೆಯ ಗೃಹಪ್ರವೇಶಕ್ಕೆ ನಾವು ಊಟದ ಹೊತ್ತು ಮೀರಿ ಹೋಗಿದ್ದೆವೆಂದು ಬೇಸರವಾಗಿ, ಆಮೇಲೆ ಮಾತೇ ನಿಂತಿತ್ತು. ಅತ್ತೆಗೆ ಅದೇ ಕೊರಗು. ಕಿರಿಯ ಮಗನ ಮನೆಯ ಹೊಸ್ತಿಲು ಇನ್ನೊಮ್ಮೆ ತುಳಿಯದೆ ಕಣ್ಣು ಮುಚ್ಚುತ್ತೇನೇನೋ ಎನ್ನುತ್ತಿದ್ದರು. ಅಂಥದ್ದರಲ್ಲಿ ಆ ಲ್ಯಾಪ್‌ಟಾಪ್ ಬಂತು. ಶಿವ ಒಂದು ಕಿಂಡಿ ತೆರೆದ ಎಂದುಕೊಂಡೆ.

ಅದರ ಮೈಯೆಲ್ಲ ಲೋಹದ್ದು. ಬೆಳ್ಳಿಯ ಬಣ್ಣ. ಮುಚ್ಚಳದ ಮೇಲೆ ಕೂದಲೆಳೆಯಂಥ ಗೆರೆಗಳು, ಎಲ್ಲ ಒಂದೇ ಕಡೆಗೆ. ಮುಚ್ಚಿಟ್ಟರೆ ಪೂಜೆಯ ಮಣೆಯ ಹಾಗೇ ಕಾಣುತ್ತಿತ್ತು. ಅತ್ತೆಗೂ ಹಾಗೇ ಕಂಡಿರಬೇಕು. ಒಂದು ಬೆಳಿಗ್ಗೆ ಅದರ ಮೇಲೆ ಹಿತ್ತಾಳೆ ತಟ್ಟೆ ಇಟ್ಟು, ಹೂವೇರಿಸಿ, ಆಮೇಲೆ ತಟ್ಟೆಯನ್ನು ಎಳೆದುಕೊಂಡರು. ಅಡ್ಡಡ್ಡ ಒಂದು ಗೀರು ಬಿತ್ತು. ಸಣ್ಣದೇ. ಆದರೆ ಅತ್ತೆ ಗಾಬರಿಯಾಗಿ ಯಾರಿಗೂ ಹೇಳದೆ, ಬೆಳ್ಳಿಯಂಥದ್ದಲ್ಲವೇ ಎಂದು ವಿಭೂತಿ ಹಾಕಿ ಉಜ್ಜಿಬಿಟ್ಟರು. ನಾನು ನೋಡುವ ಹೊತ್ತಿಗೆ ಗೀರಿನ ಸುತ್ತ ಅಂಗೈಯಗಲ ಮಂಕು ಕವಿದಿತ್ತು. ಅತ್ತೆ ಮೂಲೆಯಲ್ಲಿ ಕೂತು ಅಳುತ್ತಿದ್ದರು. ಕೊಟ್ಟ ಸಾಮಾನನ್ನೂ ನೆಟ್ಟಗೆ ಇಟ್ಟುಕೊಳ್ಳಲಿಲ್ಲ ಅಂತಾಳೆ, ಇನ್ನು ಆ ಬಾಗಿಲು ತೆರೆಯಲ್ಲ ಎಂಬುದೇ ಅವರ ಮಾತು.

ಗೋಡೆಯ ಮೇಲಿಂದ ಖಾಲಾನ ಕೂಗಿದೆ. ಬಂದು, ಕನ್ನಡಕ ಏರಿಸಿ, ಬೆಳಕಿಗೆ ಹಿಡಿದು ನೋಡಿದರು.

"ಗುಂಡಗೆ ತಿಕ್ಕಿದೀರಲ್ಲಕ್ಕ, ಇದೇನು ರೊಟ್ಟಿ ಹೆಂಚಾ?" ಎಂದರು ಅತ್ತೆಗೆ. ಅತ್ತೆ ಅಳುವಿನ ನಡುವೆಯೂ ನಕ್ಕರು.

ಇದು ಬೆಳ್ಳಿಯಲ್ಲ, ಬಣ್ಣ ಮೇಲೆ ಮೇಲೆ ಮಾತ್ರ ಇದೆ, ಉಜ್ಜಿದಷ್ಟೂ ಗೀರು ಅಗಲವಾಗುತ್ತದೆ ಎಂದು ತಿಳಿಸಿ ಹೇಳಿದರು. ಆಮೇಲೆ ತಮ್ಮ ಹಳೇ ಮಲ್ ಬಟ್ಟೆಯ ಮೆತ್ತನೆ ದುಪಟ್ಟಾದ ತುಂಡು ತಂದು ಒದ್ದೆ ಮಾಡಿ ಹಿಂಡಿ, ಪುಡಿಯನ್ನೆಲ್ಲ ಒರೆಸಿದರು. ಬೆರಳ ತುದಿಯಷ್ಟು ಹಲ್ಲುಜ್ಜುವ ಬಿಳಿ ಪೇಸ್ಟ್ ಹಚ್ಚಿ, ಆ ಕೂದಲೆಳೆಯ ಗೆರೆಗಳು ಹೋದ ಕಡೆಗೇ, ಮಗುವಿನ ತಲೆ ಸವರಿದಂತೆ ಸವರುತ್ತಾ ಹೋದರು. ಮಂಕು ಬಹಳಷ್ಟು ಹೋಯಿತು. ಗೀರು ಹೋಗಲಿಲ್ಲ. ಎಣ್ಣೆ ಹಚ್ಚಿದರೆ ಇವತ್ತಿಗೆ ಕಾಣದು, ನಾಳೆ ಕಂಡೇ ಕಾಣುತ್ತದೆ, ಮುಚ್ಚಬೇಡಿ ಎಂದರು.

ಬಸ್ಸುಗಳು ಮೊದಲಿನಂತೆ ಓಡತೊಡಗಿದ ಮೇಲೆ ವಾಪಸು ಕೊಡಲು ಹೊರಟೆವು. ಹಿರಿಯೂರಿನಲ್ಲಿ ನೆಂಟರನ್ನು ನೋಡುವುದಿದೆ ಎಂದು ಖಾಲಾನೂ ಬುರ್ಖಾ ತೊಟ್ಟು ಬಂದರು. ದಾರಿಯುದ್ದಕ್ಕೂ ನಾನು ಹೇಗೆ ಹೇಳಲಿ ಎಂದು ಮಾತು ಜೋಡಿಸುತ್ತಿದ್ದೆ. ಅತ್ತೆ ಕಣ್ಣು ಮುಚ್ಚಿ ಪಂಚಾಕ್ಷರಿ ಹೇಳಿಕೊಳ್ಳುತ್ತಿದ್ದರು. ಓರಗಿತ್ತಿ ಬಾಗಿಲು ತೆರೆದಳು. ನಾನು ಬಾಯಿ ಬಿಡುವ ಮೊದಲೇ ಖಾಲಾ ಮುಂದೆ ಹೋದರು.

"ಅವ್ವಾ, ನಿನ್ನ ಸಾಮಾನಿಗೆ ಗೀರು ಬಿತ್ತು. ನಮ್ಮನೇಲಿ ಬಿದ್ದಿದ್ದು. ಹುಡುಗಿ ಪಾಠ ಕೇಳಾಕೆ ಬಂದಿದ್ಳು, ನಾನೇ ಅದ್ರ ಮ್ಯಾಲೆ ತಟ್ಟೆ ಇಟ್ಟು ಎಳದೆ. ಬೈಯೋದಿದ್ರೆ ನನಗೆ ಬೈಯವ್ವ."

ಓರಗಿತ್ತಿ ಲ್ಯಾಪ್‌ಟಾಪ್ ತಿರುಗಿಸಿ ನೋಡಿದಳು. ಅಂಚಿನಲ್ಲಿ ಉಗುರಾಡಿಸಿದಳು. ಅತ್ತೆಯನ್ನು ನೋಡಿದಳು, ನನ್ನನ್ನು ನೋಡಿದಳು.

"ಹೋಗ್ಲಿ ಬಿಡ್ರಿ," ಎಂದಳು. "ಒಳಗೆ ಬರ್ರಿ ಎಲ್ಲಾರು. ಕುಂತ್ಕಳ್ರಿ, ಊಟ ಮಾಡ್ಕಂಡೇ ಹೋಗಬೇಕು."

ಅತ್ತೆ ಬಲಗಾಲಿಟ್ಟು ಒಳಗೆ ಹೋದರು. ಸೊಸೆ ಬಡಿಸಿದ ಮುದ್ದೆಯನ್ನು ಅಷ್ಟು ನಿಧಾನವಾಗಿ ಉಂಡದ್ದನ್ನು ನಾನು ಬೇರೆಂದೂ ನೋಡಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಖಾಲಾನ ಕೇಳಿದೆ, ಯಾಕೆ ಹಾಗೆ ಹೇಳಿದಿರಿ ಎಂದು. ನೆಂಟರ ಮನೆಯ ಕಡೆ ಅವರು ಹೋಗಿಯೇ ಇರಲಿಲ್ಲ.

"ನಿಮ್ಮತ್ತೆ ಆ ಮನೆಗೆ ಇನ್ನೂ ಹೋಗ್ಬೇಕು ಬೇಟಿ. ನಾನೇನು ದಿನಾ ಹೋಗ್ತೀನಾ?" ಎಂದು ಕಿಟಕಿಯ ಕಡೆ ತಿರುಗಿದರು.

ಹೋದ ವರ್ಷ ಖಾಲಾ ತೀರಿಕೊಂಡರು. ನಿದ್ದೆಯಲ್ಲೇ ಹೋದರು, ಅದೊಂದು ಕೃಪೆ. ಸುದ್ದಿ ತಿಳಿದು ಓರಗಿತ್ತಿ ಹಿರಿಯೂರಿನಿಂದ ಬಂದಳು. ಕೊನೆಯ ಸಲ ಮುಖ ನೋಡಿಕೊಂಡು ನಮ್ಮ ಮನೆಗೆ ಬಂದು, ಸ್ನಾನ ಮುಗಿಸಿ, ತಲೆ ಒರೆಸಿಕೊಳ್ಳುತ್ತಾ ಕೂತಳು. ಆಮೇಲೆ ಹೇಳಿದಳು.

"ಅಕ್ಕ, ಅವತ್ತು ಆ ಮುಚ್ಚಳದ ಸಂದೀಲಿ ವಿಭೂತಿ ಕೂತಿತ್ತು. ಖಾಲಾ ಮನೇಲಿ ವಿಭೂತಿ ಎಲ್ಲಿಂದ ಬರ್ಬೇಕು?"

ಅತ್ತೆ ದಂಗಾಗಿ ಅವಳ ಮುಖ ನೋಡಿದರು. ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ ಎಂದು ಕೇಳಿದರು.

"ನಿಮ್ಮ ಸಲುವಾಗಿ ಆ ವಯಸ್ಸಿನಾಗೆ ಬಸ್ ಹತ್ತಿ ಬಂದು ಸುಳ್ಳು ಹೇಳೋರು ಅದಾರೆ. ನಾನು ಮನೆಯಾಕೆ ಆಗಿ ಜಗಳ ಹಿಡ್ಕಂಡು ಕುಂತ್ರೆ ಹೆಂಗೆ ಅನ್ನಿಸ್ತು ಅತ್ತೆ."

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ನಗುವೋ ಅಳುವೋ ನನಗೆ ತಿಳಿಯಲಿಲ್ಲ. ಆ ಬೂಬಮ್ಮನಿಗೆ ಇದೊಂದು ಗೊತ್ತಾಗಬೇಕಿತ್ತು ಎಂದರು. ನಿಜ. ಗೊತ್ತಾಗಿದ್ದರೆ ಖಾಲಾ ನಮ್ಮ ಹಿತ್ತಲೆಲ್ಲ ಕೇಳುವಂತೆ ನಗುತ್ತಿದ್ದರು, ಸಂದಿ ಒರೆಸಲು ಮರೆತ ತಮ್ಮ ಕಣ್ಣನ್ನೇ ಬೈದುಕೊಳ್ಳುತ್ತಿದ್ದರು...

ದೀಪ ಉಜ್ಜಿ ಮುಗಿಸಿ, ಬಟ್ಟೆ ಕೊಡವಲು ನಿನ್ನೆ ಹಿತ್ತಲಿಗೆ ಹೋದೆ. ಕೊಡವಿದಾಗ ವಿಭೂತಿ ಗಾಳಿಗೆ ಎದ್ದು ಗೋಡೆಯ ಆಚೆಗೆ ಹೋಯಿತು. ಕ್ಷಮಿಸ್ರಿ ಖಾಲಾ ಎಂದು ಬಾಯಿ ತೆರೆದವಳು ಹಾಗೇ ನಿಂತೆ. ಆಚೆ ಈಗ ಬೇರೆ ಯಾರೋ ಬಾಡಿಗೆಗೆ ಇದ್ದಾರೆ.